ಜೋಕರ್‌ನ ಜೀವ ಉಳಿಸಿದ್ದು ಯಾರು?

ಜೋಕರ್ 1940ರಲ್ಲೇ ಸತ್ತುಹೋಗಬೇಕಿತ್ತು. ಅದೂ ಹುಟ್ಟಿದ ಸಂಚಿಕೆಯಲ್ಲೇ.

ಬ್ಯಾಟ್‌ಮ್ಯಾನ್ ಹೆಸರಲ್ಲೇ ಒಂದು ಪತ್ರಿಕೆ ಶುರುವಾಗಿದ್ದು ಆ ವರ್ಷ. ಅದರ ಮೊದಲ ಸಂಚಿಕೆಯಲ್ಲಿ ಜೋಕರ್‌ನ ಎರಡು ಕಥೆಗಳಿದ್ದವು. ಎರಡನೇ ಕಥೆಯ ಕೊನೆಯಲ್ಲಿ ಅವನ ಚಾಕು ಅವನ ಎದೆಗೇ ನಾಟಿ, ಅಲ್ಲಿಗೆ ಅವನ ಆಟ ಮುಗಿಯಬೇಕು ಅಂತ ಬಿಲ್ ಫಿಂಗರ್ ಬರೆದಿದ್ದರು. ಆಗ ಅಡ್ಡ ಬಂದವರು ಸಂಪಾದಕ ವಿಟ್ನಿ ಎಲ್ಸ್‌ವರ್ತ್. ಇಂಥಾ ವಿಲನ್ ಸಿಗೋದೇ ಕಷ್ಟ, ಇವನನ್ನ ಒಂದೇ ಸಂಚಿಕೆಗೆ ಮುಗಿಸೋದು ಬೇಡ ಅಂತ ಕೊನೇ ಗಳಿಗೆಯಲ್ಲಿ ಒಂದು ಚಿತ್ರ ಜಾಸ್ತಿ ಹಾಕಿಸಿದರು. ಅವನಿಗಿನ್ನೂ ಉಸಿರಿದೆ, ಬದುಕ್ತಾನೆ ಅನ್ನೋ ಒಂದೇ ಒಂದು ಚಿತ್ರ. ಆ ಒಂದು ಚೌಕ ಇಲ್ಲದಿದ್ದರೆ ಹೀತ್ ಲೆಡ್ಜರ್‌ಗೂ ಆ ಪಾತ್ರ ಇರ್ತಿರಲಿಲ್ಲ, ವಾಕೀನ್ ಫೀನಿಕ್ಸ್‌ಗೂ ಇರ್ತಿರಲಿಲ್ಲ. ಇಬ್ಬರಿಗೆ ಆಸ್ಕರ್ ತಂದುಕೊಟ್ಟ ಪಾತ್ರ ಅದು.

ಇದೇ ಸಂಚಿಕೆಯಲ್ಲಿ ಬ್ಯಾಟ್‌ಮ್ಯಾನ್ ವಿಮಾನದಿಂದ ಮಷೀನ್ ಗನ್ ಹಾರಿಸ್ತಾನೆ. ಹೌದು, ನಮ್ಮ ‘ನಾನು ಕೊಲ್ಲಲ್ಲ’ ಬ್ಯಾಟ್‌ಮ್ಯಾನೇ. ಅದನ್ನ ನೋಡಿ ಎಲ್ಸ್‌ವರ್ತ್ ಗರಂ ಆದರು. ಇನ್ಮೇಲೆ ಇವನ ಕೈಗೆ ಗನ್ ಕೊಡಬೇಡಿ ಅಂತ ಫಿಂಗರ್‌ಗೆ ಹೇಳಿದರು. ಇವತ್ತು ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಎರಡು ಗಂಟೆಗೆ ‘ಬ್ಯಾಟ್‌ಮ್ಯಾನ್ ಯಾಕೆ ಜೋಕರ್‌ನ ಸಾಯಿಸಲ್ಲ’ ಅಂತ ಫಿಲಾಸಫಿ ಮಾತಾಡ್ತೀವಲ್ಲ, ಆ ಫಿಲಾಸಫಿಯ ಎರಡೂ ತುದಿ ಒಬ್ಬ ಸಂಪಾದಕನ ಮೇಜಿನ ಮೇಲೆ ಹುಟ್ಟಿದ್ದು. ಒಂದು ಕಡೆ ವಿಲನ್ ಸಾಯಬಾರದು, ಇನ್ನೊಂದು ಕಡೆ ಹೀರೋ ಕೊಲ್ಲಬಾರದು. ಎಲ್ಸ್‌ವರ್ತ್ ಹೆಸರು ಎಷ್ಟು ಜನಕ್ಕೆ ಗೊತ್ತು? ನಮ್ಮ ಸೆಕ್ಷನ್‌ನಲ್ಲಿ ಕೇಳಿ ನೋಡಿದೆ. ಸ್ಟ್ಯಾನ್ ಲೀ ಗೊತ್ತು, ಅದೂ ಸಿನಿಮಾಗಳಲ್ಲಿ ಅರ್ಧ ನಿಮಿಷ ಬಂದು ಹೋಗೋ ತಾತ ಅಂತ.

ನನ್ನ ವಾದ ಇಷ್ಟೇ. ನಾವು ಮೆಚ್ಚುವ ಕಥೆಗಳಲ್ಲಿ ಅರ್ಧದಷ್ಟು ಕೆಲಸ ಸಂಪಾದಕರದ್ದು. ಒಳ್ಳೇದರಲ್ಲೂ ಅವರ ಪಾಲಿದೆ, ಕೆಟ್ಟದ್ದರಲ್ಲೂ ಇದೆ. ಅವರನ್ನ ಕಣ್ಣಿಗೆ ಕಾಣದ ಹಾಗೆ ಇಟ್ಟಷ್ಟೂ ಕೆಟ್ಟದ್ದು ಜಾಸ್ತಿ ಆಗುತ್ತೆ. ಇದು ನ್ಯೂಯಾರ್ಕಿಗೆ ಎಷ್ಟು ನಿಜವೋ ನಮ್ಮ ಕನ್ನಡ ಸಂಘದ ಈ ಪತ್ರಿಕೆಗೂ ಅಷ್ಟೇ ನಿಜ.

ಕನ್ನಡದಲ್ಲಿ ಈ ಪದವೇ ಒಂಥರಾ ಮಜಾ. ಮನೇಲಿ ‘ಸಂಪಾದನೆ’ ಅಂದ್ರೆ ದುಡ್ಡು. ‘ಡಿಗ್ರಿ ಮುಗೀತಲ್ಲ, ಸಂಪಾದನೆ ಯಾವಾಗ’ ಅಂತ ಅಜ್ಜಿ ಕೇಳೋದು ಅದನ್ನೇ. ಪತ್ರಿಕೆಯಲ್ಲಿ ಸಂಪಾದನೆ ಅಂದ್ರೆ ಬೇರೆಯವರು ಬರೆದದ್ದನ್ನ ತಿದ್ದಿ ಜೋಡಿಸೋದು. ಸಿನಿಮಾಗೆ ಬಂದರೆ ಅದೇ ಕೆಲಸ ‘ಸಂಕಲನ’ ಆಗುತ್ತೆ. ಹೈಸ್ಕೂಲಲ್ಲಿ ಹೆಸರು ಕೇಳಿರ್ತೀರಿ, ಶೂನ್ಯಸಂಪಾದನೆ. ಅದು ಹದಿನೈದು, ಹದಿನಾರನೇ ಶತಮಾನಗಳಲ್ಲಿ ನಾಲ್ಕು ಸಲ ನಾಲ್ಕು ಜನರ ಕೈಯಲ್ಲಿ ಆದ ಕೆಲಸ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣನವರೆಗೆ. ಅದಕ್ಕಿಂತ ಮುನ್ನೂರು ವರ್ಷ ಹಿಂದಿನ ಶರಣರ ಬಿಡಿ ಬಿಡಿ ವಚನಗಳನ್ನ ತಗೊಂಡು, ಅವರೆಲ್ಲ ಎದುರುಬದುರು ಕೂತು ಮಾತಾಡ್ತಿದ್ದಾರೇನೋ ಅನ್ನೋ ಹಾಗೆ ಜೋಡಿಸಿ, ಅಲ್ಲಮನನ್ನ ನಡುವೆ ನಿಲ್ಲಿಸಿದರು. ವಚನ ಅವರದ್ದಲ್ಲ, ಆದರೆ ನಾಟಕ ಅವರದ್ದು. ಇದನ್ನ ಕಾಮಿಕ್ಸ್ ಜೊತೆ ಹೋಲಿಸಿದ್ದಕ್ಕೆ ಕನ್ನಡ ಮೇಷ್ಟ್ರು ಬೈದರೆ ಬೈಸ್ಕೋತೀನಿ.

ಮತ್ತೆ ಅಮೆರಿಕಕ್ಕೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೂಪರ್‌ಹೀರೋಗಳ ಮಾರ್ಕೆಟ್ ಬಿದ್ದುಹೋಗಿತ್ತು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಥರದ ಕೆಲವರು ಬಿಟ್ಟರೆ ಉಳಿದವರೆಲ್ಲ ಮೂಲೆಗೆ. 1954ರಲ್ಲಿ ಕಾಮಿಕ್ಸ್ ಓದಿ ಮಕ್ಕಳು ಹಾಳಾಗ್ತಿದ್ದಾರೆ ಅಂತ ಅಲ್ಲಿನ ಸೆನೆಟ್‌ನಲ್ಲೇ ವಿಚಾರಣೆ ನಡೀತು. ಹೆದರಿದ ಕಂಪನಿಗಳು ತಾವೇ ಸೇರಿ ಒಂದು ‘ಕಾಮಿಕ್ಸ್ ಕೋಡ್’ ಮಾಡಿಕೊಂಡವು. ಇಂಥ ಹೊತ್ತಲ್ಲಿ ಜೂಲಿಯಸ್ ಶ್ವಾರ್ಟ್ಸ್ ಅನ್ನೋ ಸಂಪಾದಕರಿಗೆ ಹಳೇ ಫ್ಲ್ಯಾಶ್‌ನ ವಾಪಸ್ ತರೋ ಕೆಲಸ ಬಂತು. ಅವರು ಹಳೇ ಫ್ಲ್ಯಾಶ್‌ನ ಧೂಳು ಒರೆಸಿ ಹಾಗೇ ನಿಲ್ಲಿಸಲಿಲ್ಲ. ಹೆಸರು, ವೇಗ ಎರಡನ್ನೇ ಇಟ್ಟುಕೊಂಡು ಉಳಿದದ್ದೆಲ್ಲ ಹೊಸದಾಗಿ ಮಾಡಿಸಿದರು. 1956ರ ಬ್ಯಾರಿ ಆಲನ್ ಪೊಲೀಸ್ ಇಲಾಖೆಯ ವಿಜ್ಞಾನಿ. ಲ್ಯಾಬಿನಲ್ಲಿ ಸಿಡಿಲು ಬಡಿದು ಕೆಮಿಕಲ್ಸ್ ಮೈಮೇಲೆ ಚೆಲ್ಲಿ ಶಕ್ತಿ ಬರುತ್ತೆ. (ನಮ್ಮ ಕೆಮಿಸ್ಟ್ರಿ ಲ್ಯಾಬಲ್ಲಿ ಟ್ರೈ ಮಾಡಬೇಡಿ, ಫೈನ್ ಬೀಳುತ್ತೆ ಅಷ್ಟೇ.) 1959ರಲ್ಲಿ ಗ್ರೀನ್ ಲ್ಯಾಂಟರ್ನ್ ಟೆಸ್ಟ್ ಪೈಲಟ್ ಆದ. ಆಮೇಲೆ ಬಂದ ಆಟಮ್ ಭೌತವಿಜ್ಞಾನಿ. ಶ್ವಾರ್ಟ್ಸ್ ಮೊದಲು ಸೈನ್ಸ್ ಫಿಕ್ಷನ್ ಲೇಖಕರ ಏಜೆಂಟ್ ಆಗಿದ್ದವರು, ಮಾಟಮಂತ್ರ ಇರೋ ಕಡೆ ವಿಜ್ಞಾನ ಹಾಕಿದರು. ಕಥೆ ಬರೆದವರು, ಚಿತ್ರ ಬಿಡಿಸಿದವರು ಬೇರೆ ಬೇರೆ. ಆ ರುಚಿ ಮಾತ್ರ ಅವರದ್ದು.

ಅವರ ಕೆಲಸದ ವಿಧಾನ ನಂಗೆ ತುಂಬಾ ಇಷ್ಟ. ಎಷ್ಟೋ ಸಲ ಮೊದಲು ಕವರ್ ಬಿಡಿಸ್ತಿದ್ದರು. ನೋಡಿದ ಹುಡುಗ ‘ಅಯ್ಯೋ, ಇದು ಹೆಂಗಾಯ್ತು’ ಅಂತ ಜೇಬಿಗೆ ಕೈ ಹಾಕಬೇಕು, ಅಂಥಾ ಅಸಾಧ್ಯ ಚಿತ್ರ. ಆಮೇಲೆ ಲೇಖಕರನ್ನ ಕರೆದು, ಈಗ ಇದು ಹೆಂಗಾಯ್ತು ಅಂತ ಕಥೆ ಹೇಳಿ ಅನ್ನೋದು. ಒಂದು ಸಲ ಕವರ್ ಮೇಲೆ ಗೊರಿಲ್ಲಾ ಹಾಕಿದಾಗ ಸಂಚಿಕೆ ಚೆನ್ನಾಗಿ ಮಾರಾಟ ಆಯ್ತಂತೆ. ಅಲ್ಲಿಂದ ಎಲ್ಲ ಸಂಪಾದಕರಿಗೂ ಗೊರಿಲ್ಲಾನೇ ಬೇಕು. ನಮ್ಮ ಫೆಸ್ಟ್ ಪೋಸ್ಟರ್‌ಗಳಲ್ಲಿ ಒಂದು ವರ್ಷ ರೋಬೋ ಬಂದರೆ ಐದು ವರ್ಷ ರೋಬೋನೇ ಇರುತ್ತಲ್ಲ, ಹಾಗೆ.

ಇದಕ್ಕಿಂತ ಕಟು ಕಥೆ ಮಾರ್ಟ್ ವೈಸಿಂಗರ್ ಅವರದ್ದು. ಸೂಪರ್‌ಮ್ಯಾನ್ ಪತ್ರಿಕೆಗಳ ಸಂಪಾದಕ, ಶ್ವಾರ್ಟ್ಸ್‌ಗೆ ಹುಡುಗುತನದ ಸ್ನೇಹಿತ. ಸೂಪರ್‌ಗರ್ಲ್, ಬಿಝಾರೋ, ಬಾಟ್ಲಿಯೊಳಗಿನ ಕ್ಯಾಂಡೋರ್ ನಗರ ಎಲ್ಲಾ ಇವರ ಕಾಲದ್ದು. ಅಕ್ಕಪಕ್ಕದ ಮನೆ ಮಕ್ಕಳನ್ನ ಹಿಡಿದು ‘ಸೂಪರ್‌ಮ್ಯಾನ್ ಏನು ಮಾಡಬೇಕು ಅಂತೀರಿ’ ಅಂತ ಕೇಳೋರು. ಆದರೆ ಬರಹಗಾರರ ಜೊತೆ ಸಿಕ್ಕಾಪಟ್ಟೆ ಕಟುವಾಗಿ ನಡ್ಕೋತಿದ್ದರು. ಇವರ ಹತ್ರ ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಮಿಕನ ಮಗ ಜಿಮ್ ಶೂಟರ್ ಕಥೆ ಕಳಿಸಿದ. 1966ರಲ್ಲಿ ಅವನ ಕಥೆ ಅಚ್ಚಾದಾಗ ಅವನಿಗೆ ಹದಿನಾಲ್ಕು ವರ್ಷ. ಮನೆಗೆ ದುಡ್ಡು ಬೇಕಿತ್ತು, ಅದಕ್ಕೇ ಬರೆದ. ವಾರ ವಾರ ಫೋನಲ್ಲಿ ವೈಸಿಂಗರ್ ಅವರಿಂದ ಬೈಸಿಕೊಂಡೇ ಕೆಲಸ ಕಲಿತೆ ಅಂತ ಶೂಟರ್ ಮುಂದೆ ಹೇಳಿಕೊಂಡಿದ್ದಾರೆ. ಗಣಿ ಕಾರ್ಮಿಕರ ಮೊಮ್ಮಕ್ಕಳು ಓದೋ ಕಾಲೇಜಿನಲ್ಲಿ ಕೂತು ಇದನ್ನ ಓದುವಾಗ ಆ ಹುಡುಗ ನಂಗೆ ಚಾಂಪಿಯನ್ ರೀಫ್ಸ್‌ನ ಯಾರೋ ಒಬ್ಬನ ಥರ ಕಾಣ್ತಾನೆ.

ಅದೇ ಶೂಟರ್ 1978ರಲ್ಲಿ ಮಾರ್ವೆಲ್‌ನ ಪ್ರಧಾನ ಸಂಪಾದಕ. 1980ರಲ್ಲಿ ಎಕ್ಸ್-ಮೆನ್ ಬರೀತಿದ್ದ ಕ್ರಿಸ್ ಕ್ಲೇರ್‌ಮಾಂಟ್, ಜಾನ್ ಬರ್ನ್ ಇಬ್ಬರೂ ಜೀನ್ ಗ್ರೇ ಕಥೆಗೆ ಒಂದು ಅಂತ್ಯ ಮಾಡಿದ್ದರು. ಅವಳ ಫೀನಿಕ್ಸ್ ಶಕ್ತಿ ಕಿತ್ತುಕೊಂಡು ಮನೆಗೆ ಕಳಿಸೋದು. ಶೂಟರ್ ಒಪ್ಪಲಿಲ್ಲ. ಹಿಂದಿನ ಒಂದು ಸಂಚಿಕೆಯಲ್ಲಿ ಅವಳು ಒಂದು ಇಡೀ ಗ್ರಹದ ಕೋಟ್ಯಂತರ ಜನರನ್ನ ಸುಟ್ಟುಹಾಕಿದ್ದಾಳೆ, ಈಗ ಏನೂ ಆಗದ ಹಾಗೆ ಮನೆಗೆ ಹೋಗೋದಾ ಅನ್ನೋದು ಅವರ ಪ್ರಶ್ನೆ. ಜಗಳ ಆಯ್ತು, ಪುಟಗಳನ್ನ ಮತ್ತೆ ಬಿಡಿಸಿದರು, ಜೀನ್ ಸತ್ತಳು. ಮೂಲ ಅಂತ್ಯವನ್ನೂ ನಾಲ್ಕು ವರ್ಷದ ಮೇಲೆ ಬೇರೆಯಾಗಿ ಅಚ್ಚು ಮಾಡಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ. ಲೇಖಕರ ಅಂತ್ಯ ಸಪ್ಪೆ. ಸಂಪಾದಕನ ಅಂತ್ಯ ನಲವತ್ತೈದು ವರ್ಷದಿಂದ ಜನರ ಬಾಯಲ್ಲಿದೆ. ಇಲ್ಲಿ ಶೂಟರ್ ಮಾಡಿದ್ದು ವ್ಯಾಕರಣ ತಿದ್ದೋ ಕೆಲಸ ಅಲ್ಲ. ಬರೆದವರು ತಮ್ಮ ಪಾತ್ರದ ಮೇಲಿನ ಪ್ರೀತಿಗೆ ಮರೆತಿದ್ದ ಒಂದು ಲೆಕ್ಕವನ್ನ ಕೇಳಿದ್ದು. ಆ ಸತ್ತ ಕೋಟಿ ಜನರ ಪರವಾಗಿ ಆ ಆಫೀಸಲ್ಲಿ ಮಾತಾಡಿದ್ದು ಅವರೊಬ್ಬರೇ.

ಎಲ್ಲ ಸಂಪಾದಕರೂ ಹೀಗೇ ಅನ್ನಲ್ಲ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಸಂಪಾದಕ ಡೆನ್ನಿಸ್ ಓನೀಲ್ ಎರಡನೇ ರಾಬಿನ್ ಬದುಕಬೇಕಾ ಸಾಯಬೇಕಾ ಅಂತ ಓದುಗರಿಗೇ ಫೋನ್ ವೋಟಿಂಗ್ ಇಟ್ಟರು. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಎಪ್ಪತ್ತೆರಡು ವೋಟಿನಲ್ಲಿ ಒಬ್ಬ ಹುಡುಗ ಸತ್ತ. ಬಿಗ್ ಬಾಸ್ ನೋಡುವವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ. ಆದರೆ ನನ್ನ ಪ್ರಕಾರ ಅದು ಸಂಪಾದಕ ತನ್ನ ಕುರ್ಚಿ ಬಿಟ್ಟು ಎದ್ದುಹೋದ ದಿನ.

ಈಗ ನಮ್ಮ ಕಡೆಗೆ ಬರೋಣ. ಭಾರತದ ಕಾಮಿಕ್ಸ್‌ಗೆ ಒಬ್ಬ ಸಂಪಾದಕನ ಹೆಸರು ಹೇಳಿ ಅಂದರೆ ಯಾರಾದರೂ ಹೇಳೋದು ಅಂಕಲ್ ಪೈ. ಅನಂತ ಪೈ ಹುಟ್ಟಿದ್ದು 1929ರಲ್ಲಿ, ನಮ್ಮ ಕಾರ್ಕಳದಲ್ಲಿ. ಎರಡು ವರ್ಷ ತುಂಬುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಹನ್ನೆರಡನೇ ವಯಸ್ಸಿಗೆ ಮುಂಬೈ. ಓದಿದ್ದು ಕೆಮಿಕಲ್ ಟೆಕ್ನಾಲಜಿ. ಅಂದರೆ ನಮ್ಮದೇ ಜಾತಿ ಸ್ವಾಮಿ, ಒಂದು ಓದಿ ಇನ್ನೊಂದು ಮಾಡಿದವರು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯಲ್ಲಿದ್ದಾಗ 1964ರ ಮಾರ್ಚ್‌ನಲ್ಲಿ ಶುರುವಾದ ಇಂದ್ರಜಾಲ್ ಕಾಮಿಕ್ಸ್ ಹಿಂದೆ ಅವರಿದ್ದರು. ಫ್ಯಾಂಟಮ್ ನಮ್ಮ ದೇಶದಲ್ಲಿ ಮನೆಮನೆಗೆ ಹೋಗಿದ್ದು ಆ ಪುಸ್ತಕಗಳಿಂದ. ಮುಂದೆ ಕನ್ನಡದಲ್ಲೂ ಬಂತು.

ಇಂದ್ರಜಾಲ್‌ನಲ್ಲಿ ಸಂಪಾದಕರ ಕೈವಾಡ ನೋಡೋಕೆ ಮಜವಾಗಿದೆ. ಲೀ ಫಾಕ್ ಬರೆದ ಮೂಲದಲ್ಲಿ ಫ್ಯಾಂಟಮ್‌ನ ಕಾಡಿನ ಹೆಸರು ‘ಬೆಂಗಾಲಿ’ಗೆ ಹತ್ತಿರ. ಅವನ ವೈರಿಗಳಾದ ಕಡಲ್ಗಳ್ಳರು ‘ಸಿಂಗ್’ ಪಂಗಡದವರು. ಅಪ್ಪನನ್ನ ಕೊಂದವನ ಹೆಸರು ‘ರಾಮ’. ಇದನ್ನ ಹಾಗೇ ಭಾರತದಲ್ಲಿ ಮಾರೋಕಾಗುತ್ತಾ? ಬೆಂಗಾಲಿ ಹೋಗಿ ‘ಡೆಂಕಾಲಿ’ ಆಯ್ತು, ಸಿಂಗ್ ಹೋಗಿ ‘ಸಿಂಗಾ’, ರಾಮ ಹೋಗಿ ‘ರಾಮಲು’. ಒಂದೊಂದು ಅಕ್ಷರದ ಆಟ, ಸ್ಪೀಚ್ ಬಲೂನ್‌ನೊಳಗೆ ಜಾಗವೂ ಸರಿಹೋಗಬೇಕಲ್ಲ. ಡೆಂಕಾಲಿ ಅಂದಾಗ ಹೊಸೂರು ಪಕ್ಕದ ಡೆಂಕಣಿಕೋಟೆ ನೆನಪಾದವನು ನಾನೊಬ್ಬನೇ ಇರಲಾರೆ. ಅಲ್ಲೂ ಕಾಡಿದೆ, ಆನೆ ಇದೆ. ಆದರೆ ಈ ಸಣ್ಣ ಬದಲಾವಣೆಯಲ್ಲಿ ದೊಡ್ಡ ವಿಷಯ ಇದೆ. ಅಮೆರಿಕದಲ್ಲಿ ಕೂತವನಿಗೆ ‘ಪೂರ್ವದೇಶದ ಕಳ್ಳ’ ಅಂದ್ರೆ ಯಾವ ಹೆಸರಾದರೂ ನಡೆಯುತ್ತೆ. ಆ ಹೆಸರಿನ ಮಕ್ಕಳು ಇದನ್ನ ಓದ್ತಾರೆ ಅಂತ ಯೋಚಿಸಿದ್ದು ಇಲ್ಲಿನ ಸಂಪಾದಕ. ಹಾಗಂತ ಫ್ಯಾಂಟಮ್‌ನ ಮೂಲ ಸಮಸ್ಯೆ, ಅಂದರೆ ಕಾಡಿನ ಜನರನ್ನೆಲ್ಲ ಒಬ್ಬ ಬಿಳಿಯ ಕಾಪಾಡಬೇಕು ಅನ್ನೋದು, ಹಾಗೇ ಉಳೀತು. ಹೆಸರು ಬದಲಾಯಿಸಿದರೆ ಕಥೆ ಬದಲಾಗಲ್ಲ.

ಆಮೇಲೆ ಅಮರ ಚಿತ್ರ ಕಥಾ. 1967ರಲ್ಲಿ ದೂರದರ್ಶನದ ಒಂದು ಕ್ವಿಜ್‌ನಲ್ಲಿ ಮಕ್ಕಳಿಗೆ ಗ್ರೀಕ್ ದೇವರು ಗೊತ್ತಿತ್ತು, ರಾಮನ ತಾಯಿ ಹೆಸರು ಗೊತ್ತಿರಲಿಲ್ಲ, ಅದನ್ನ ನೋಡಿ ಪೈ ಈ ಮಾಲಿಕೆ ಶುರು ಮಾಡಿದರು ಅನ್ನೋ ಕಥೆಯನ್ನ ಎಲ್ಲರೂ ಕೇಳಿದ್ದೀವಿ. ಕಡಿಮೆ ಜನ ಕೇಳಿರೋ ಇನ್ನೊಂದು ಕಥೆ ಇದೆ. ಇಂಗ್ಲಿಷ್ ಅಮರ ಚಿತ್ರ ಕಥಾದ ‘ಕೃಷ್ಣ’ ಸಂಚಿಕೆಯ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ? ಅವು ಬಂದಿದ್ದು ಕನ್ನಡದಲ್ಲಿ! ಸಿಂಡರೆಲಾ ಥರದ ಪಾಶ್ಚಾತ್ಯ ಮಕ್ಕಳ ಕಥೆಗಳು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ. ಕೆ. ಅನಂತರಾಮ್ ಹೇಳಿರುವ ಪ್ರಕಾರ ಆ ಕನ್ನಡ ಪುಸ್ತಕಗಳು 1965ರಲ್ಲೇ ಬಂದು ಚೆನ್ನಾಗಿ ಓಡಿದವು. ಅದನ್ನ ನೋಡಿಯೇ ಮುಂಬೈನ ಮುಖ್ಯ ಕಚೇರಿ ಇಂಗ್ಲಿಷ್‌ಗೆ ಕೈ ಹಾಕಿದ್ದು. ಕೋಟಿಗಟ್ಟಲೆ ಮಾರಾಟವಾದ ಮಾಲಿಕೆಯ ಮೊದಲ ಹತ್ತು ನಂಬರು ನಮ್ಮ ಭಾಷೆಯದ್ದು. ಈ ಮಾತು ನಮ್ಮ ಸಂಘದ ರಾಜ್ಯೋತ್ಸವ ಭಾಷಣಗಳಲ್ಲಿ ಒಂದು ಸಲವೂ ಬಂದಿಲ್ಲ. ಪೈ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ವಿಜ್ ಕಥೆ ಹೇಳೋಕೆ ಚೆನ್ನಾಗಿದೆ, ಅದಕ್ಕೇ ಉಳೀತು. ಬೆಂಗಳೂರಿನ ಕಥೆ ಕತ್ತರಿಗೆ ಸಿಕ್ಕಿತು.

ಪೈ ಅವರ ಸಂಪಾದನೆಯಲ್ಲೂ ಜಗಳ ಆಡಬಹುದಾದ್ದು ಇದೆ. ದೇವರು, ರಾಜರು ಬೆಳ್ಳಗೆ. ರಾಕ್ಷಸರು ಕಪ್ಪಗೆ, ದಪ್ಪ ತುಟಿ. ಇದರ ಬಗ್ಗೆ ಸಂಶೋಧಕರು ಬೇಕಾದಷ್ಟು ಬರೆದಿದ್ದಾರೆ. ಬಿಸಿಲಲ್ಲಿ ಕ್ರಿಕೆಟ್ ಆಡಿ ಬೆಳೆದ ಕೋಲಾರದ ಹುಡುಗ ಆ ಪುಸ್ತಕ ತೆರೆದರೆ ತನ್ನ ಬಣ್ಣ ಎಲ್ಲಿ ಸಿಗುತ್ತೆ ಹೇಳಿ? ಮತ್ತೊಂದು ಕಡೆ ಇದೇ ಮಾಲಿಕೆ 1979ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಬಗ್ಗೆ ಸಂಚಿಕೆ ತಂತು. ಯಾರು ಹೀರೋ ಅಂತ ತೀರ್ಮಾನ ಮಾಡೋ ಕುರ್ಚಿ ಅದು. ಅಲ್ಲಿ ಕೂತವನ ಒಂದು ಹೂಂ, ಒಂದು ಊಹೂಂ ಎಷ್ಟು ಲಕ್ಷ ಮಕ್ಕಳ ತಲೆಗೆ ಹೋಗುತ್ತೆ ಅಂತ ಯೋಚಿಸಿ.

ಹೆಸರು ಅಂದಾಗ ಅಮೆರಿಕದ ದೊಡ್ಡ ಅನ್ಯಾಯವನ್ನೂ ಹೇಳಲೇಬೇಕು. ಬ್ಯಾಟ್‌ಮ್ಯಾನ್‌ನ ಅರ್ಧಕ್ಕಿಂತ ಹೆಚ್ಚು ಕಲ್ಪನೆ ಬಿಲ್ ಫಿಂಗರ್ ಅವರದ್ದು. ‘ಬಾಬ್ ಕೇನ್ ಸೃಷ್ಟಿ’ ಅಂತ ಮಾತ್ರ ಅಚ್ಚಾಗ್ತಿತ್ತು. ಫಿಂಗರ್ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಅವರು ತೀರಿಕೊಂಡು ನಲವತ್ತು ವರ್ಷ ಆಗಿತ್ತು. ಸ್ಟ್ಯಾನ್ ಲೀ ಮಾರ್ವೆಲ್‌ನಲ್ಲಿ ಸಂಪಾದಕರೂ ಹೌದು, ಲೇಖಕರೂ ಹೌದು. ಅವರ ಪದ್ಧತಿಯಲ್ಲಿ ಒಂದಿಷ್ಟು ಕಥೆ ಬಾಯಲ್ಲಿ ಹೇಳಿದರೆ ಚಿತ್ರಕಾರ ಇಪ್ಪತ್ತು ಪುಟ ಬಿಡಿಸಿಕೊಂಡು ಬರಬೇಕು, ಸಂಭಾಷಣೆ ಆಮೇಲೆ ಲೀ ತುಂಬ್ತಾರೆ. ಹಾಗಿದ್ದರೆ ಕಥೆ ಯಾರದ್ದು? ಸ್ಪೈಡರ್‌ಮ್ಯಾನ್ ಬಿಡಿಸಿದ ಸ್ಟೀವ್ ಡಿಟ್ಕೊ 1966ರಲ್ಲಿ, ಜ್ಯಾಕ್ ಕರ್ಬಿ 1970ರಲ್ಲಿ ಬಿಟ್ಟು ಹೊರಟರು. ಗ್ರೂಪ್ ಪ್ರಾಜೆಕ್ಟ್ ಮಾಡಿದ ಯಾರಿಗೂ ಇದನ್ನ ಬಿಡಿಸಿ ಹೇಳಬೇಕಿಲ್ಲ. ಪಿಪಿಟಿ ಹಿಡಿದು ಮುಂದೆ ನಿಂತವನದ್ದೇ ಪ್ರಾಜೆಕ್ಟ್. ಆದರೆ ಅದೇ ಲೀ 1971ರಲ್ಲಿ ಡ್ರಗ್ಸ್ ವಿರುದ್ಧದ ಸ್ಪೈಡರ್‌ಮ್ಯಾನ್ ಕಥೆಗೆ ಕೋಡ್‌ನವರು ಮುದ್ರೆ ಕೊಡಲ್ಲ ಅಂದಾಗ, ಮುದ್ರೆ ಇಲ್ಲದೇ ಮೂರು ಸಂಚಿಕೆ ಅಚ್ಚು ಮಾಡಿದರು. ಅದೇ ವರ್ಷ ಕೋಡ್ ಸಡಿಲ ಆಯ್ತು. ಒಬ್ಬರೇ ಮನುಷ್ಯರು, ಎರಡೂ ಮಾಡಿದ್ದಾರೆ.

ಕೆಜಿಎಫ್‌ನಲ್ಲಿ ಕೂತು ‘ಕೆಜಿಎಫ್’ ಸಿನಿಮಾ ಬಗ್ಗೆ ಬರೀದಿದ್ದರೆ ನೀವು ಬಿಡಲ್ಲ. 2018ರ ಮೊದಲ ಭಾಗ ನೆನಪಿಸಿಕೊಳ್ಳಿ. ಇಡೀ ಕಥೆ ಹೇಳೋದು ಅನಂತ್ ನಾಗ್ ಮಾಡಿದ ಪತ್ರಕರ್ತನ ಪಾತ್ರ. ಕೇಳೋದು ಮಾಳವಿಕಾ ಅವಿನಾಶ್ ಮಾಡಿದ ಟಿವಿ ಚಾನೆಲ್ ಸಂಪಾದಕಿ. ರಾಕಿ ಭಾಯ್ ನಮಗೆ ಸಿಗೋದೇ ಒಬ್ಬ ಬರಹಗಾರ ಮತ್ತು ಒಬ್ಬ ಸಂಪಾದಕಿಯ ನಡುವಿನ ಮಾತಿನಲ್ಲಿ. 2022ರ ಎರಡನೇ ಭಾಗದ ಸಂಕಲನ ಮಾಡಿದ ಉಜ್ವಲ್ ಕುಲಕರ್ಣಿಗೆ ಆಗ ಇಪ್ಪತ್ತರ ಆಸುಪಾಸು, ನಮ್ಮದೇ ವಯಸ್ಸು. ಆ ಕಟ್‌ಗಳ ಸ್ಪೀಡ್ ತೆಗೆದುಬಿಟ್ಟರೆ ರಾಕಿ ಎಷ್ಟು ಉಳೀತಾನೆ ಅಂತ ಒಂದು ಸಲ ಮ್ಯೂಟ್ ಮಾಡಿ ನೋಡಿ.

ಸೈನೈಡ್ ದಿಬ್ಬದ ಮೇಲೆ ಶೂಟಿಂಗ್ ಆಯ್ತು, ಊರಿನ ಹೆಸರು ಪ್ರಪಂಚಕ್ಕೆ ಗೊತ್ತಾಯ್ತು, ನಂಗೂ ಖುಷಿಯೇ. ಆದರೆ ಒಬ್ಬ ಹೊರಗಿನಿಂದ ಬಂದು ಗುಲಾಮರನ್ನ ಬಿಡಿಸೋ ಕಥೆ ಫ್ಯಾಂಟಮ್‌ನ ಕಥೆಯೇ ಅಲ್ವಾ? ನಿಜವಾದ ಕೆಜಿಎಫ್‌ನಲ್ಲಿ 1930ರಲ್ಲಿ ಬೆರಳಚ್ಚು ಕೊಡಲ್ಲ ಅಂತ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಯಾವ ಭಾಯ್ ಕೂಡ ಬಂದಿರಲಿಲ್ಲ. ಅಯೋತಿ ದಾಸರು 1907ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ ‘ತಮಿಳನ್’ ಪತ್ರಿಕೆ 1920ರ ದಶಕದಲ್ಲಿ ಮತ್ತೆ ಹೊರಟಿದ್ದು ಇದೇ ಕೋಲಾರ ಚಿನ್ನದ ಗಣಿಯಿಂದ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ. ನಾವು ಕ್ಲಾಸ್ ಬಂಕ್ ಮಾಡಿ ಓಡಾಡೋ ಬೀದಿಗಳಲ್ಲಿ ಒಬ್ಬ ಸಂಪಾದಕ ಜಾತಿ ವಿರುದ್ಧದ ಪತ್ರಿಕೆ ನಡೆಸ್ತಿದ್ದರು. ಇಂಥವರ ಮೇಲೆ ಒಂದು ಕಾಮಿಕ್ಸ್ ಯಾಕಿಲ್ಲ ಅಂದರೆ ಉತ್ತರ ಸುಲಭ. ಯಾವ ಸಂಪಾದಕನೂ ಕೇಳಿಲ್ಲ. ಬರೆಯೋರು ಇಲ್ಲ ಅಂತಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ ಹೋದ ವರ್ಷದ ಒಂದು ಘಟನೆ. ನಮ್ಮ ಜೂನಿಯರ್ ಒಬ್ಬ, ಮಾರಿಕುಪ್ಪಂ ಕಡೆಯವನು, ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು ಕನ್ನಡ ಎರಡೂ. ತನ್ನ ತಾತ ಗಣಿಯಲ್ಲಿ ಕೆಲಸ ಮಾಡಿದ್ದರ ಬಗ್ಗೆ ಬರೆದು ಬೇರೆ ಕಡೆಯ ಒಂದು ಅಂತರ-ಕಾಲೇಜು ಸಂಚಿಕೆಗೆ ಕಳಿಸಿದ. ಅಚ್ಚಾಗಿ ಬಂದಾಗ ಟ್ರೈನಲ್ಲಿ ತಂದು ತೋರಿಸಿದ, ಬಂಗಾರಪೇಟೆ ಬರೋವರೆಗೂ ಮಾತಾಡಲಿಲ್ಲ. ಅವನು ಬರೆದಿದ್ದು ‘ತಾತ ಕೇಜಲ್ಲಿ ಇಳೀತಿದ್ರು’ ಅಂತ. ಅಚ್ಚಾಗಿದ್ದು ‘ಅಜ್ಜನವರು ಪಂಜರದಲ್ಲಿ ಕೆಳಗಿಳಿಯುತ್ತಿದ್ದರು’. ಗಿಳಿ ಥರ! ಗಣಿಯ ಕೇಜ್ ಅಂದರೆ ಶಾಫ್ಟ್‌ನಲ್ಲಿ ಜನರನ್ನ ಇಳಿಸೋ ಲಿಫ್ಟ್ ಅಂತ ಇಲ್ಲಿನ ಮಗುವಿಗೂ ಗೊತ್ತು. ಇನ್ನೊಂದು ಕಡೆ ‘ರಾಕ್ ಬರ್ಸ್ಟ್’ ಅಂತಿದ್ದದ್ದನ್ನ ‘ಬಂಡೆ ಸ್ಫೋಟಿಸುವಾಗ’ ಅಂತ ಮಾಡಿದ್ದರು. ಸಿವಿಲ್‌ನವರು ಗಮನಿಸಿ. ರಾಕ್ ಬರ್ಸ್ಟ್ ಅಂದರೆ ಯಾರೂ ಮದ್ದು ಇಟ್ಟಿರಲ್ಲ, ಆಳದಲ್ಲಿ ಒತ್ತಡ ತಡೀಲಾರದೆ ಬಂಡೆ ತಾನಾಗೇ ಸಿಡಿಯೋದು. ಮೂರು ಕಿಲೋಮೀಟರ್‌ಗೂ ಆಳ ಹೋದ ಚಾಂಪಿಯನ್ ರೀಫ್‌ನಲ್ಲಿ ಜನ ಹೆದರ್ತಿದ್ದದ್ದೇ ಅದಕ್ಕೆ. ರಾಕ್ ಮೆಕ್ಯಾನಿಕ್ಸ್‌ನ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಇದೇ ಕೆಜಿಎಫ್‌ನಲ್ಲಿ. ಆ ತಿದ್ದುಪಡಿಯಿಂದ ಏನಾಯ್ತು ನೋಡಿ. ತಾತನ ಗೆಳೆಯ ಸತ್ತಿದ್ದು ತನ್ನದೇ ಅಜಾಗರೂಕತೆಯಿಂದ ಅನ್ನೋ ಹಾಗಾಯ್ತು.

ಇದನ್ನ ಹೇಳಿದಾಗ ನಮ್ಮ ಗ್ಯಾಂಗ್‌ನಲ್ಲಿ ಒಬ್ಬ ಹೇಳಿದ, ‘ಅದಕ್ಕೇ ಮಗಾ, ಸಂಪಾದಕರೇ ಬೇಡ. ಬರೆದದ್ದನ್ನ ಹಾಗೇ ಹಾಕಿ. ಕಾಗುಣಿತ ಬೇಕಾದ್ರೆ ಚಾಟ್‌ಜಿಪಿಟಿ ನೋಡುತ್ತೆ’. ಅವನಿಗೆ ನನ್ನ ಉತ್ತರ ಜೀನ್ ಗ್ರೇ. ಕಾಗುಣಿತ ಯಾವ ಮಷೀನ್ ಬೇಕಾದರೂ ನೋಡಲಿ. ‘ಆ ಗ್ರಹದ ಜನರ ಗತಿ ಏನು’ ಅಂತ ನಿನ್ನನ್ನ ನಿಲ್ಲಿಸಿ ಕೇಳೋಕೆ, ಕೇಳಿ ಜಗಳ ಆಡೋಕೆ, ನಿನ್ನ ಹತ್ರ ಬೈಸಿಕೊಳ್ಳೋಕೆ ತಯಾರಿರೋ ಒಬ್ಬ ಮನುಷ್ಯ ಬೇಕು. ಹೇಳಿದ್ದಕ್ಕೆಲ್ಲ ‘ಉತ್ತಮ ಪ್ರಶ್ನೆ’ ಅನ್ನೋ ಯಂತ್ರದ ಹತ್ರ ಆ ಕೆಲಸ ಸಿಗಲ್ಲ. ಮತ್ತೆ, ಪಂಜರ ಅಂತ ಮಾಡಿದ ಆ ಸಂಪಾದಕ ಮಾಡಿದ್ದು ಹೆಚ್ಚು ಸಂಪಾದನೆ ಅಲ್ಲ, ಕಡಿಮೆ ಸಂಪಾದನೆ. ಒಂದು ಫೋನ್ ಮಾಡಿ ‘ತಮ್ಮಾ, ಕೇಜ್ ಅಂದ್ರೇನು’ ಅಂತ ಕೇಳಿದ್ದರೆ ಮುಗೀತಿತ್ತು. ವೈಸಿಂಗರ್ ಬೈಯೋಕಾದರೂ ಫೋನ್ ಮಾಡ್ತಿದ್ದರು.

ಅದಕ್ಕೇ ನಮ್ಮ ಸಂಘದ ಮುಂದೆ ಎರಡು ಬೇಡಿಕೆ ಇಟ್ಟಿದ್ದೀನಿ. ಪ್ರತಿ ಲೇಖನದ ಕೆಳಗೆ ಬರೆದವರ ಹೆಸರಿನ ಜೊತೆ ತಿದ್ದಿದವರ ಹೆಸರೂ ಇರಲಿ. ತಪ್ಪಾದರೆ ಯಾರ ರೂಮಿನ ಬಾಗಿಲು ಬಡೀಬೇಕು ಅಂತ ಗೊತ್ತಿರಲಿ. ತಿದ್ದಿದ ಪ್ರತಿಯನ್ನ ಹಾಕೋ ಮುಂಚೆ ಬರೆದವರಿಗೆ ಕಳಿಸೋದು ಕಡ್ಡಾಯ ಆಗಲಿ. ಮೊದಲನೆಯದಕ್ಕೆ ಕಮಿಟಿಯಲ್ಲಿ ಒಪ್ಪಿದ್ದಾರೆ. ಎರಡನೆಯದಕ್ಕೆ ‘ಇಂಟರ್ನಲ್ಸ್ ಟೈಮಲ್ಲಿ ಯಾರು ಮಾಡ್ತಾರೆ’ ಅಂತ ಗೊಣಗಾಟ ನಡೀತಿದೆ.

ಆ ಜೂನಿಯರ್ ಹತ್ರ ಅದೇ ಲೇಖನವನ್ನ ಮುಂದಿನ ಸಂಚಿಕೆಗೆ ಕೇಳಿದ್ದೀನಿ. ಕೇಜ್ ಕೇಜಾಗೇ ಇರುತ್ತೆ, ರಾಕ್ ಬರ್ಸ್ಟ್ ರಾಕ್ ಬರ್ಸ್ಟಾಗೇ ಇರುತ್ತೆ, ತಾತ ತಾತನೇ. ಆದರೆ ಮೊದಲ ಎರಡು ಪ್ಯಾರಾದಲ್ಲಿ ‘ಚಿನ್ನದ ನಾಡು, ವೀರರ ಬೀಡು’ ಅಂತೆಲ್ಲ ಭಾಷಣ ಇದೆ. ಅದನ್ನ ಕಿತ್ತುಹಾಕಿ, ತಾತ ಕೇಜಿಗೆ ಕಾಲಿಡೋ ಕಡೆಯಿಂದ ಶುರು ಮಾಡು ಅಂತ ಹೇಳಿದ್ದೀನಿ. ಅವನಿನ್ನೂ ಒಪ್ಪಿಲ್ಲ.